ನಗರಪಾಲಿಕೆಯ ಶಾಲೆಯ ಜಮಾ-ಖರ್ಚು

ವರ್ಷಕ್ಕೊಮ್ಮೆ ವಾಕಡದ ಪ್ರತಿಯೊಂದು ಮನೆಗೂ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯಿಂದ ಮನೆ ತೆರಿಗೆಯ ಬಿಲ್ಲು ಬರುತ್ತದೆ. ಮರಾಠಿಯಲ್ಲಿ ‘ಮಾಲಮತ್ತಾ ಕರ’ವೆಂದು ಕರೆಯಲ್ಪಡುವ ಈ ಬಿಲ್ಲಿನ ಕೊನೆಯ ಸಾಲಿನ ಮೊತ್ತವನ್ನು ನೋಡಿ, ರಿಯಾಯಿತಿಯ ಗಡುವು ಮುಗಿಯುವುದರೊಳಗೆ ಪಾವತಿ ಮಾಡಿ, ರಸೀತಿಯನ್ನು ಕಡತಕ್ಕೆ ಸೇರಿಸಿಬಿಡುವುದು ಬಹುಪಾಲು ಗೃಹಸ್ಥರ ವಾಡಿಕೆ. ಮೊತ್ತದ ಮೇಲಿರುವ ಸಾಲುಗಳನ್ನು ಓದುವವರು ವಿರಳ. ಓದಿದವರಿಗೆ ಅಲ್ಲಿ ಸಾಮಾನ್ಯ ಕರ, ಅಗ್ನಿಶಾಮಕ ಕರ, ವೃಕ್ಷ ಕರ ಮೊದಲಾದವುಗಳ ನಡುವೆ ಶಿಕ್ಷಣದ ಹೆಸರಿನ ಎರಡು ಬಾಬುಗಳು ಕಾಣಸಿಗುತ್ತವೆ. ಒಂದು, ಮಹಾನಗರಪಾಲಿಕೆಯದೇ ಆದ ಶಿಕ್ಷಣ ಕರ. ಇನ್ನೊಂದು, 1962ರ ಕಾಯಿದೆಯ ಮೇರೆಗೆ ಪಾಲಿಕೆಯು ವಸೂಲು ಮಾಡಿ ರಾಜ್ಯ ಸರಕಾರಕ್ಕೆ ಕಟ್ಟುವ ಶಿಕ್ಷಣ ಕರ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಸಂಬಳದಾರನು ಕಟ್ಟುವ ಆದಾಯ ತೆರಿಗೆಯ ಮೇಲೆ 2004ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆಂದು ಶೇಕಡಾ 2ರ ಉಪಕರವನ್ನು ಹಾಕಲಾಯಿತು. 2007ರಲ್ಲಿ ಪ್ರೌಢ ಹಾಗೂ ಉಚ್ಚ ಶಿಕ್ಷಣಕ್ಕೆಂದು ಅದಕ್ಕೆ ಶೇಕಡಾ 1 ಸೇರಿತು. 2018ರಿಂದ ಇವೆಲ್ಲ ಒಂದಾಗಿ ‘ಆರೋಗ್ಯ ಮತ್ತು ಶಿಕ್ಷಣ ಉಪಕರ’ವೆಂಬ ಹೆಸರಿನಲ್ಲಿ ಶೇಕಡಾ 4 ಆಗಿದೆ. ಅಷ್ಟೇ ಅಲ್ಲ, ಅವನು ವಾಸಿಸುವ ಮನೆಯ ಬೆಲೆಯಲ್ಲಿಯೇ ಇನ್ನೊಂದು ಉಪಕರ ಅಡಗಿ ಕುಳಿತಿದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟನ್ನು ಕಟ್ಟಡದ ಮಾಲಿಕನು ಕಟ್ಟಬೇಕು. ಆ ನಿಧಿಯ ಉದ್ದೇಶಗಳಲ್ಲಿ ಕಾರ್ಮಿಕರ ಮಕ್ಕಳ ವಿದ್ಯಾಭ್ಯಾಸವೂ ಒಂದು. ಮಾಲಿಕನು ಕಟ್ಟಿದ್ದು ಮನೆ ಕೊಂಡವನ ತಲೆಗೇ ಬರುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗೆ ವಾಕಡದ ಒಬ್ಬ ಕನ್ನಡಿಗ ಗೃಹಸ್ಥನು ನಾಲ್ಕು ದಾರಿಗಳಿಂದ ಪರರ ಮಕ್ಕಳ ಶಿಕ್ಷಣಕ್ಕೆ ಹಣ ತೆರುತ್ತಾನೆ. ಇಷ್ಟೆಲ್ಲ ತೆತ್ತ ಮೇಲೆ ತನ್ನ ಸ್ವಂತ ಮಗುವನ್ನು ಖಾಸಗಿ ಶಾಲೆಗೆ ಸೇರಿಸಿ, ಐದನೆಯ ಬಾರಿ ತೆರುತ್ತಾನೆ.

ಹಣ ಕೊಟ್ಟವನು ಲೆಕ್ಕ ಕೇಳುವುದು ಲೋಕರೂಢಿ. ವಸತಿ ಸಂಘದ ವಾರ್ಷಿಕ ಸಭೆಯಲ್ಲಿ ಲಿಫ್ಟಿನ ದುರಸ್ತಿಗೆ ಬಿದ್ದ ಎರಡು ಸಾವಿರ ರೂಪಾಯಿಗಾಗಿ ಎರಡು ತಾಸು ವಾದ ಮಾಡುವ ಜನ ಇವರು. ಖಾಸಗಿ ಶಾಲೆ ಶುಲ್ಕ ಏರಿಸಿದರೆ ಮರುದಿನವೇ ಪಾಲಕರ ಗುಂಪು ಕಟ್ಟಿ ಗೇಟಿನ ಮುಂದೆ ನಿಲ್ಲುವವರು. ಆದರೆ ಮೇಲಿನ ನಾಲ್ಕು ಬಾಬುಗಳ ಹಣ ಎಲ್ಲಿಗೆ ಹೋಯಿತೆಂದು ಯಾರೂ ಕೇಳಿದ್ದಿಲ್ಲ. ಕಾರಣ ಸರಳವಾಗಿದೆ. ಆ ಶಾಲೆಯಲ್ಲಿ ಅವರ ಮಗು ಇಲ್ಲ. ಮಗು ಇರುವವರಿಗೆ ಲೆಕ್ಕ ಓದಲು ಬಾರದು. ಲೆಕ್ಕ ಓದಲು ಬರುವವರಿಗೆ ಅಲ್ಲಿ ಮಗು ಇಲ್ಲ. ಸಾರ್ವಜನಿಕ ಶಾಲೆಯ ಬಡತನಕ್ಕೆ ಇರುವ ಅನೇಕ ಕಾರಣಗಳಲ್ಲಿ ಇದು ಅತ್ಯಂತ ದೊಡ್ಡದು ಎಂದರೆ ತಪ್ಪಾಗಲಾರದು.

ವಾಕಡವು 1997ರವರೆಗೆ ಗ್ರಾಮವಾಗಿತ್ತು. ಆ ವರ್ಷ ಸುತ್ತಲಿನ ಇತರ ಹಳ್ಳಿಗಳೊಡನೆ ಅದು ಪಿಂಪ್ರಿ-ಚಿಂಚವಡ ಪಾಲಿಕೆಯ ಸೀಮೆಗೆ ಸೇರಿತು. ಮುಳಾ ನದಿಯ ದಂಡೆ, ಗ್ರಾಮದೈವ ಮ್ಹಾತೋಬಾನ ಗುಡಿ, ಹೊಲಗದ್ದೆಗಳು, ಇವಿಷ್ಟೇ ಇದ್ದ ಊರಿಗೆ ಒಂದು ಬದಿಯಲ್ಲಿ ಮುಂಬಯಿ-ಬೆಂಗಳೂರು ಹೆದ್ದಾರಿ, ಇನ್ನೊಂದು ಬದಿಯಲ್ಲಿ ಹಿಂಜವಡಿಯ ಗಣಕೋದ್ಯಮ ಬಂದು ನಿಂತ ಮೇಲೆ, ಜೋಳ ಬೆಳೆದ ನೆಲದಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡಗಳೆದ್ದವು. ಆ ಕಟ್ಟಡಗಳಿಗೆ ಬೆಂಗಳೂರು, ಧಾರವಾಡ, ಮಂಗಳೂರು, ಉಡುಪಿಗಳಿಂದ ಬಂದ ಇಂಜಿನಿಯರರು, ಬ್ಯಾಂಕಿನವರು, ಹೋಟೆಲಿನವರು ಸೇರಿಕೊಂಡರು. ಆದರೆ ಅವರಿಗಿಂತ ಮೊದಲೇ ಅಲ್ಲಿಗೆ ಬಂದ ಕನ್ನಡಿಗರಿದ್ದಾರೆ. ಯಾದಗಿರಿ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಮಳೆ ಕೈಕೊಟ್ಟಾಗಲೆಲ್ಲ ಬಸ್ಸು ಹಿಡಿದು ಬಂದು, ತಗಡಿನ ಜೋಪಡಿಗಳಲ್ಲಿ ನೆಲೆನಿಂತು, ಪಾಯ ತೋಡಿ, ಇಟ್ಟಿಗೆ ಹೊತ್ತು, ಗಿಲಾವು ಮಾಡಿದವರು. ಇವರಲ್ಲಿ ಎಷ್ಟೋ ಮಂದಿ ಮನೆಯೊಳಗೆ ಲಂಬಾಣಿ ಮಾತಾಡುವವರು, ಹೊರಗೆ ಕನ್ನಡ, ಮುಕಾದಮನೊಡನೆ ಹಿಂದಿ. ಒಬ್ಬ ಕನ್ನಡಿಗ ಕಟ್ಟಿದ ಮನೆಯಲ್ಲಿ ಮತ್ತೊಬ್ಬ ಕನ್ನಡಿಗ ವಾಸವಾಗಿದ್ದಾನೆ. ರಾಜ್ಯೋತ್ಸವದ ಸಭಾಂಗಣದಲ್ಲಿ ಮಾತ್ರ ಇವರಿಬ್ಬರೂ ಭೇಟಿಯಾಗುವುದಿಲ್ಲ.

ಮೊದಲನೆಯವನ ಮಗು ಹಳದಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತದೆ. ಎರಡನೆಯವನ ಮಗುವಿಗೆ ಎರಡೇ ದಾರಿ: ಒಂದೋ ನಗರಪಾಲಿಕೆಯ ಮರಾಠಿ ಶಾಲೆ, ಇಲ್ಲವೇ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಜೋಪಡಿ ಕಾಯುವುದು. 1988ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1993ರಲ್ಲಿ ಪುಣೆಗೆ ಬಂದ ‘ಡೋರ್ ಸ್ಟೆಪ್ ಸ್ಕೂಲ್’ ಎಂಬ ಸಂಸ್ಥೆಯು ಕಟ್ಟಡದ ಜಾಗಗಳಲ್ಲಿಯೇ ತರಗತಿ ನಡೆಸಿ, ಅಂತಹ ಮಕ್ಕಳನ್ನು ಪಾಲಿಕೆಯ ಶಾಲೆಗೆ ಮುಟ್ಟಿಸುವ ಕೆಲಸವನ್ನು ಮಾಡುತ್ತ ಬಂದಿದೆ. ಶ್ಲಾಘ್ಯವಾದ ಕೆಲಸ. ಆದರೆ ಮುಟ್ಟಿಸಿದ ಮೇಲೆ ಆ ಶಾಲೆಯಲ್ಲಿ ಏನಿರಬೇಕು ಎಂಬುದನ್ನು ನಿರ್ಧರಿಸುವುದು ಸರಕಾರದ ಹಣವೇ ಹೊರತು ಸಂಸ್ಥೆಯ ಸದ್ಭಾವನೆಯಲ್ಲ.

ಆ ಹಣದ ಪ್ರಮಾಣವನ್ನು ಸ್ವಲ್ಪ ಪರಿಶೀಲಿಸುವುದು ಉಚಿತ. ಶಾಲೆಗಳ ಖರ್ಚಿನಲ್ಲಿ ಸಿಂಹಪಾಲು ಶಿಕ್ಷಕರ ವೇತನಕ್ಕೆ ಹೋಗುತ್ತದೆ, ಅದು ಹೋಗಲೇಬೇಕಾದದ್ದು. ಪ್ರಶ್ನೆ ಇರುವುದು ಉಳಿದ ಪಾಲಿನಲ್ಲಿ. ಸಮಗ್ರ ಶಿಕ್ಷಾ ಯೋಜನೆಯಡಿ ಸರಕಾರಿ ಹಾಗೂ ಪಾಲಿಕೆಯ ಶಾಲೆಗಳಿಗೆ ವರ್ಷಕ್ಕೊಂದು ಬಾರಿ ‘ಸಂಯುಕ್ತ ಶಾಲಾ ಅನುದಾನ’ ದೊರೆಯುತ್ತದೆ. 251ರಿಂದ 1,000 ಮಕ್ಕಳಿರುವ ಶಾಲೆಗೆ ಅದರ ಮೊತ್ತ ರೂ. 75,000. ಸುಣ್ಣಬಣ್ಣ, ಕೆಟ್ಟ ಬಲ್ಬು, ಮುರಿದ ಬೆಂಚು, ಪ್ರಯೋಗದ ಸಾಮಗ್ರಿ, ವಿದ್ಯುತ್ತಿನ ಬಿಲ್ಲು, ಇಂಥ ಎಲ್ಲ ಅಗತ್ಯಗಳೂ ಇದರ ವ್ಯಾಪ್ತಿಗೆ ಬರುತ್ತವೆ. 900 ಮಕ್ಕಳ ಶಾಲೆ ಎಂದಿಟ್ಟುಕೊಂಡರೆ ಒಂದು ಮಗುವಿನ ಪಾಲಿಗೆ ವರ್ಷಕ್ಕೆ ಬೀಳುವುದು ರೂ. 83. ಈ ಅನುದಾನದ ಕನಿಷ್ಠ ಶೇಕಡಾ 10ನ್ನು ಸ್ವಚ್ಛತೆಗೆ ವಿನಿಯೋಗಿಸಬೇಕೆಂಬ ನಿಯಮವಿದೆ. ಅಂದರೆ ರೂ. 7,500; ತಿಂಗಳಿಗೆ ರೂ. 625. ಒಂಬೈನೂರು ಮಕ್ಕಳ ಶೌಚಗೃಹಗಳಿಗೆ ತಿಂಗಳಿಗೆ ಬೇಕಾಗುವ ಫಿನಾಯಿಲು, ಪೊರಕೆ, ಸಾಬೂನುಗಳ ಬೆಲೆಯನ್ನು ಮನೆಯ ಗೃಹಿಣಿಯರನ್ನೇ ಕೇಳಿ ನೋಡಬಹುದು. ಪಾಲಿಕೆಯು ತನ್ನ ಬೊಕ್ಕಸದಿಂದ ಇದಕ್ಕೆ ಸೇರಿಸುತ್ತದೆ, ನಿಜ. ಪಿಂಪ್ರಿ-ಚಿಂಚವಡದಂತಹ ಉದ್ಯೋಗನಗರಿಯ ಪಾಲಿಕೆ ಸೇರಿಸಬಲ್ಲದು ಕೂಡ. ಅಕ್ಕಲಕೋಟೆಯ ಒಂದು ಹಳ್ಳಿಯ ಜಿಲ್ಲಾ ಪರಿಷತ್ತಿನ ಶಾಲೆಗೆ ಸೇರಿಸುವವರಾರು?

ಸ್ಮರಣಸಂಚಿಕೆಯ ಇದೇ ಪುಟಗಳಲ್ಲಿ ಆರೋಗ್ಯದ ಕುರಿತು ವೈದ್ಯರ ಲೇಖನಗಳು ಬರುತ್ತವೆ. ದಿನಕ್ಕೆ ಇಷ್ಟು ಲೋಟ ನೀರು ಕುಡಿಯಿರಿ, ಮೂತ್ರವನ್ನು ತಡೆಹಿಡಿಯಬೇಡಿ ಎಂದು ಅವರು ಹೇಳುವ ಮಾತು ಎಲ್ಲರಿಗೂ ಪರಿಚಿತ. ಶೌಚಗೃಹಕ್ಕೆ ಕಾಲಿಡಲಾಗದಂತಹ ಶಾಲೆಯಲ್ಲಿ ಹನ್ನೆರಡು ವರ್ಷದ ಹುಡುಗಿ ಮಾಡುವ ಉಪಾಯ ಇದಕ್ಕೆ ತದ್ವಿರುದ್ಧವಾದದ್ದು: ಬೆಳಿಗ್ಗೆಯಿಂದ ನೀರನ್ನೇ ಕುಡಿಯದಿರುವುದು. ಅದರಿಂದ ಬರುವ ಉರಿಮೂತ್ರ, ಮಲಬದ್ಧತೆ, ತಲೆನೋವುಗಳ ಕಾರಣವನ್ನು ಅವಳು ಮನೆಯಲ್ಲಿ ಹೇಳುವುದಿಲ್ಲ. ತಾಯಿ ಕೂಲಿಗೆ ಹೋದವಳು, ಕೇಳುವುದೂ ಇಲ್ಲ. ಮುಟ್ಟಿನ ದಿನಗಳಲ್ಲಂತೂ ಶಾಲೆಯೇ ತಪ್ಪುತ್ತದೆ. ಹಾಗೆ ತಪ್ಪಿದ ದಿನಗಳು ಕೂಡುತ್ತ ಹೋಗಿ ಒಂದು ವರ್ಷ ಅವಳು ಶಾಲೆ ಬಿಟ್ಟವರ ಪಟ್ಟಿಗೆ ಸೇರುತ್ತಾಳೆ. ಎಲ್ಲ ಶಾಲೆಗಳಿಗೂ ಕುಡಿಯುವ ನೀರು ಮತ್ತು ಶೌಚಗೃಹ ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರ ಅಕ್ಟೋಬರದಲ್ಲಿ ಆರು ತಿಂಗಳ ಗಡುವು ಕೊಟ್ಟು ಆಜ್ಞೆ ಮಾಡಿತು. ಶೌಚಗೃಹಗಳನ್ನು ಕಟ್ಟಲಾಯಿತು, ಉದ್ಘಾಟನೆಯ ಫಲಕಗಳೂ ಬಂದವು. ದಿನಕ್ಕೆ ಎರಡು ಬಾರಿ ಅವುಗಳನ್ನು ತೊಳೆಯುವವನ ಸಂಬಳಕ್ಕೆ ಮಾತ್ರ ಯಾವ ಫಲಕವೂ ಇಲ್ಲ. ಸಾರ್ವಜನಿಕ ಹಣದ ದೌರ್ಬಲ್ಯವೇ ಇದು. ಒಮ್ಮೆ ಮಾಡಿ ಮುಗಿಸುವ ಖರ್ಚಿಗೆ ಉತ್ಸಾಹ ಹೆಚ್ಚು. ದಿನದಿನದ ಖರ್ಚಿಗೆ ಕೈ ಹಿಂದೆ.

ಊಟದ ಲೆಕ್ಕವೂ ಇದೇ ಜಾತಿಯದು. 2001ರ ನವೆಂಬರ 28ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ಆದೇಶದಿಂದ ದೇಶದ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬಿಸಿಯೂಟ ದೊರಕುವಂತಾಯಿತು. ಒಂದರಿಂದ ಐದನೆಯ ತರಗತಿಯ ಮಗುವಿನ ಊಟದಲ್ಲಿ 450 ಕ್ಯಾಲರಿ ಶಕ್ತಿ, 12 ಗ್ರಾಮು ಪ್ರೋಟೀನು ಇರಬೇಕು. ನೂರು ಗ್ರಾಮು ಅಕ್ಕಿ ಬೇರೆಯಾಗಿ ಬರುತ್ತದೆ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಉರುವಲು ಇವೆಲ್ಲಕ್ಕೂ ಸೇರಿ 2025ರ ಮೇ ತಿಂಗಳಿಂದ ಗೊತ್ತುಪಡಿಸಿದ ದರ ಒಂದು ಮಗುವಿಗೆ ದಿನಕ್ಕೆ ರೂ. 6.78. ಹಿಂಜವಡಿಯ ಯಾವುದೇ ಕಚೇರಿಯ ಹೊರಗಿನ ಟಪರಿಯಲ್ಲಿ ಇಷ್ಟು ಹಣಕ್ಕೆ ಒಂದು ಕಪ್ಪು ಚಹ ಕೂಡ ಸಿಕ್ಕಲಾರದು. ಅಡುಗೆಯವಳಿಗೆ ಕೇಂದ್ರದ ಯೋಜನೆ ಗೊತ್ತುಪಡಿಸಿದ ಗೌರವಧನವು 2009ರಿಂದ ತಿಂಗಳಿಗೆ ರೂ. 1,000 ಆಗಿಯೇ ನಿಂತಿದೆ. ರಾಜ್ಯಗಳು ತಮ್ಮ ಕೈಲಾದಷ್ಟು ಮೇಲೆ ಸೇರಿಸಿ ಕೆಲಸ ನಡೆಸುತ್ತಿವೆ.

ಮೊಟ್ಟೆಯ ಕಥೆಯಂತೂ ವಲಸೆ ಬಂದವರು ಗಮನಿಸತಕ್ಕದ್ದು. ಮಹಾರಾಷ್ಟ್ರದಲ್ಲಿ 2023ರ ನವೆಂಬರದಲ್ಲಿ ವಾರಕ್ಕೊಂದು ಮೊಟ್ಟೆ ಕೊಡಬೇಕೆಂದು ನಿರ್ಧಾರವಾಯಿತು. 2025ರ ಜನವರಿಯಲ್ಲಿ ಅದಕ್ಕೆ ಸರಕಾರದ ಹೆಚ್ಚುವರಿ ಹಣ ನಿಂತುಹೋಯಿತು, ಬೇಕಾದ ಶಾಲೆಗಳು ಲೋಕವರ್ಗಣಿಯಿಂದ ಕೂಡಿಸಿಕೊಳ್ಳಬಹುದೆಂಬ ಸೂಚನೆ ಬಂತು. ಅತ್ತ ಕರ್ನಾಟಕದಲ್ಲಿ 2024ರಿಂದ ಶಾಲೆಯ ಮಕ್ಕಳಿಗೆ ವಾರದ ಆರು ದಿನ ಮೊಟ್ಟೆ. ಒಲ್ಲದವರಿಗೆ ಬಾಳೆಹಣ್ಣು. ಯಾದಗಿರಿಯಿಂದ ಅಪ್ಪ-ಅಮ್ಮನೊಡನೆ ಪುಣೆಯ ಬಸ್ಸು ಹತ್ತಿದ ಮಗು ವಾರಕ್ಕೆ ಆರು ಮೊಟ್ಟೆಗಳನ್ನು ಅಲ್ಲಿಯೇ ಬಿಟ್ಟು ಬರುತ್ತದೆ. ಆದರೆ ಕರ್ನಾಟಕದ ಲೆಕ್ಕದಲ್ಲಿಯೂ ಒಂದು ಎಚ್ಚರಿಕೆಯ ಅಂಶವಿದೆ. ಆರು ದಿನಗಳಲ್ಲಿ ಎರಡು ದಿನದ ವೆಚ್ಚ ಸರಕಾರದ್ದು. ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು, ಮೂರು ವರ್ಷಗಳಿಗೆ ಸುಮಾರು ರೂ. 1,500 ಕೋಟಿ. ದೊಡ್ಡ ಮನಸ್ಸಿನ ದಾನ, ಸಂದೇಹವಿಲ್ಲ. ಆದರೆ ದಾನಕ್ಕೆ ಅವಧಿಯಿರುತ್ತದೆ, ಮಗುವಿನ ಹಸಿವಿಗೆ ಇರುವುದಿಲ್ಲ. ನಾಲ್ಕನೆಯ ವರ್ಷ ಆ ನಾಲ್ಕು ಮೊಟ್ಟೆಗಳ ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರ ಅಂದಾಜುಪತ್ರಕದಲ್ಲಿ ಇರಬೇಕು, ದಾನಿಯ ಹೃದಯದಲ್ಲಿ ಅಲ್ಲ.

ಹಣವೇ ಇಲ್ಲವೆಂದು ಯಾರಾದರೂ ಹೇಳಿದರೆ ಅದನ್ನು ನಂಬುವುದು ಕಷ್ಟ. ಇದೇ ಪಿಂಪ್ರಿ-ಚಿಂಚವಡ ಪಾಲಿಕೆಯು 2023ರಲ್ಲಿ ಮುಳಾ ನದಿಯ ಪುನರುಜ್ಜೀವನಕ್ಕೆಂದು ರೂ. 200 ಕೋಟಿಯ ಸಾಲಪತ್ರಗಳನ್ನು ಪೇಟೆಗೆ ಬಿಟ್ಟಿತು. ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ಹರಿದುಬರಲು ಸಿದ್ಧವಿತ್ತು. ಆ ಕೆಲಸದ ಆರಂಭ ವಾಕಡದ ಬೈಪಾಸಿನಿಂದಲೇ. ನದಿ ನಿರ್ಮಲವಾಗುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಸಾಖ ಇರುವ ಪಾಲಿಕೆ ನದಿಗೆ ಸಾಲ ಎತ್ತಬಲ್ಲದಾದರೆ ಶಾಲೆಗೂ ಎತ್ತಬಲ್ಲದು. ಕೇರಳದಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. 2017ರಲ್ಲಿ ಆರಂಭವಾದ ಸಾರ್ವಜನಿಕ ಶಿಕ್ಷಣ ಸಂರಕ್ಷಣೆಯ ಕಾರ್ಯಕ್ರಮದಡಿ, ಮೂಲಭೂತ ಸೌಕರ್ಯಕ್ಕಾಗಿ ಸಾಲ ಎತ್ತುವ ‘ಕಿಫ್‌ಬಿ’ ಎಂಬ ಸರಕಾರಿ ಮಂಡಲಿಯ ಮೂಲಕ ಒಂದೊಂದು ಶಾಲೆಗೆ ರೂ. 5 ಕೋಟಿ, 3 ಕೋಟಿ, 1 ಕೋಟಿಯಂತೆ ಹಣ ತೊಡಗಿಸಲಾಯಿತು. ಕಾಸರಗೋಡಿನ ಗಡಿಯಲ್ಲಿ ಕನ್ನಡದ ಮಕ್ಕಳು ಕಲಿಯುವುದೂ ಇದೇ ಸಾರ್ವಜನಿಕ ವ್ಯವಸ್ಥೆಯೊಳಗೆ. ಖಾಸಗಿ ಶಾಲೆಯಿಂದ ಸರಕಾರಿ ಶಾಲೆಗೆ ಮಕ್ಕಳು ಮರಳಿದ ಅಪರೂಪದ ಸಂಗತಿಯೂ ಅಲ್ಲಿ ಮುಂದಿನ ವರ್ಷಗಳಲ್ಲಿ ನಡೆಯಿತು. ಈ ಸಾಲವು ಅಂದಾಜುಪತ್ರಕದ ಹೊರಗಿನದೆಂದು ಮಹಾಲೇಖಪಾಲರು ಆಕ್ಷೇಪಿಸಿದ್ದಾರೆಂಬುದನ್ನೂ ಹೇಳಬೇಕು. ಸಾಲ ಮಾಡಿದವನು ತೀರಿಸುವ ದಾರಿಯನ್ನೂ ತೋರಿಸಬೇಕಾಗುತ್ತದೆ. ಆದರೂ ಕಾಲುವೆಗೆ, ಸೇತುವೆಗೆ, ಮೆಟ್ರೋ ರೈಲಿಗೆ ಸಾಲ ಮಾಡುವಾಗ ಏಳದ ಆಕ್ಷೇಪ ಶಾಲೆಯ ಮಾತು ಬಂದಾಗ ಮಾತ್ರ ಏಳುವುದು ವಿಚಿತ್ರ.

ದೆಹಲಿಯ ಬೊಕ್ಕಸದ ವಿಚಾರ ಇನ್ನೂ ಸ್ವಾರಸ್ಯಕರ. ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ಕೊಠಾರಿ ಆಯೋಗವು 1966ರಲ್ಲಿ ಹೇಳಿತು. 2020ರ ಶಿಕ್ಷಣ ನೀತಿಯು ಅದೇ ಮಾತನ್ನು ಮತ್ತೆ ಹೇಳಿ, ಆಗಿನ ಖರ್ಚು ಶೇಕಡಾ 4.43ರ ಸುಮಾರಿನಲ್ಲಿದೆ ಎಂದು ತಾನೇ ಒಪ್ಪಿಕೊಂಡಿತು. ಐವತ್ತನಾಲ್ಕು ವರ್ಷಗಳ ಕಾಲ ಒಂದೇ ಹುಂಡಿಯನ್ನು ನವೀಕರಿಸುತ್ತ ಬಂದ ಸಾಲಗಾರನನ್ನು ಯಾವ ಸಾಹುಕಾರನಾದರೂ ಬಾಗಿಲೊಳಗೆ ಬಿಟ್ಟುಕೊಂಡಾನೆ? ಇನ್ನು ಉಪಕರದ ಕಥೆ. ಪ್ರೌಢ ಮತ್ತು ಉಚ್ಚ ಶಿಕ್ಷಣಕ್ಕೆಂದು ಎತ್ತಿದ ಶೇಕಡಾ 1ರ ಉಪಕರದಿಂದ ಸುಮಾರು ಹತ್ತು ವರ್ಷಗಳಲ್ಲಿ ರೂ. 83 ಸಾವಿರ ಕೋಟಿಗೂ ಮಿಕ್ಕ ಹಣ ಬಂದಿದ್ದರೂ, ಅದಕ್ಕೊಂದು ಪ್ರತ್ಯೇಕ ನಿಧಿಯನ್ನೇ ತೆರೆದಿರಲಿಲ್ಲವೆಂದು ಮಹಾಲೇಖಪಾಲರ ವರದಿ ಬಯಲಿಗೆ ತಂದಿತು. ಖಾತೆಗೆ ಮಂಜೂರಾತಿ ದೊರೆತದ್ದು 2017ರ ಆಗಸ್ಟಿನಲ್ಲಿ. ಉಪಕರವೆಂಬುದು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಯೂ ಅಲ್ಲ. ಶಾಲೆ ನಡೆಸುವವು ರಾಜ್ಯಗಳು, ಉಪಕರ ಸೇರುವುದು ಕೇಂದ್ರಕ್ಕೆ. ಕಟ್ಟಡ ಕಾರ್ಮಿಕರ ನಿಧಿಯದೂ ಇದೇ ಗತಿ. ಸಂಗ್ರಹವಾದ ಹಣ ಖರ್ಚಾಗದೆ ಉಳಿದಿರುವುದನ್ನು ಸರ್ವೋಚ್ಚ ನ್ಯಾಯಾಲಯ ಕಟುವಾಗಿಯೇ ಟೀಕಿಸಿತು. ಕಾರ್ಮಿಕನು ನೋಂದಣಿಗಾಗಿ 90 ದಿನ ಕೆಲಸ ಮಾಡಿದ ದಾಖಲೆ ತರಬೇಕು. ಮುಕಾದಮನ ಕೈಕೆಳಗೆ ಇಂದು ವಾಕಡ, ನಾಳೆ ತಾಥವಡೆ, ನಾಡಿದ್ದು ಬಾಣೇರ ಎಂದು ತಿರುಗುವ ಕಲಬುರಗಿಯ ಕೂಲಿಗೆ ಆ ಕಾಗದವನ್ನು ಬರೆದುಕೊಡುವವರು ಯಾರು?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಸರಕಾರಿ ಶಾಲೆಯ ಶಿಕ್ಷಕನ ವೇತನ ಅನೇಕ ಖಾಸಗಿ ಶಾಲೆಯವನದಕ್ಕಿಂತ ಹೆಚ್ಚು. ಆದರೂ ಮಕ್ಕಳು ಕಲಿಯುವುದಿಲ್ಲ. ತೂತು ಕೊಡಕ್ಕೆ ಇನ್ನಷ್ಟು ನೀರು ಹೊಯ್ಯುವುದೇಕೆ? ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ 2022ರಲ್ಲಿ ದೇಶದ ಸರಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 16.3 ಮಾತ್ರ. ತಲೆತಗ್ಗಿಸಬೇಕಾದ ಅಂಕಿ. ಆದರೆ ಅದೇ ಸಮೀಕ್ಷೆಯಲ್ಲಿ 2024ರ ಹೊತ್ತಿಗೆ ಈ ಅಂಕಿ 23.4ಕ್ಕೆ ಏರಿತು. ನಡುವೆ ಆದದ್ದೇನು? ಮೂರನೆಯ ತರಗತಿಯೊಳಗೆ ಓದು-ಲೆಕ್ಕ ಬರಲೇಬೇಕೆಂದು 2021ರಲ್ಲಿ ಆರಂಭವಾದ ‘ನಿಪುಣ ಭಾರತ’ ಕಾರ್ಯಕ್ರಮ. ಅದಕ್ಕೆ ಬೇಕಾದ ಪುಸ್ತಕ, ಶಿಕ್ಷಕರ ತರಬೇತಿ, ಗೊತ್ತಾದ ಗುರಿ. ಅಂದರೆ ಕೊಡದ ತೂತನ್ನು ಮುಚ್ಚಿಕೊಂಡು ನೀರು ಹೊಯ್ದರೆ ಅದು ನಿಲ್ಲುತ್ತದೆ. ಶಿಕ್ಷಕನನ್ನು ಚುನಾವಣೆಗೆ, ಗಣತಿಗೆ, ಹತ್ತೆಂಟು ನಮೂನೆಗಳ ಮಾಹಿತಿ ತುಂಬಲು ಕಳಿಸಿ, ಒಂದೇ ಕೋಣೆಯಲ್ಲಿ ಎರಡು ತರಗತಿಗಳನ್ನು ಕೂಡಿಸಿ, ಅನಂತರ ಮಗುವಿಗೆ ಓದಲು ಬರಲಿಲ್ಲವೆಂದು ಅವನನ್ನು ದೂಷಿಸುವುದು ಸುಲಭ. ಖಾಲಿ ಹುದ್ದೆಯನ್ನು ತುಂಬುವುದಕ್ಕೂ ಒಬ್ಬ ಗುಮಾಸ್ತನನ್ನು ಕೊಡುವುದಕ್ಕೂ ಕೊನೆಗೆ ಹಣವೇ ಬೇಕು.

ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡಾ 25 ಸ್ಥಾನ ಇದೆಯಲ್ಲವೇ ಎನ್ನುವವರಿದ್ದಾರೆ. ಇದೆ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರಕಾರವು, ಒಂದು ಕಿಲೋಮೀಟರಿನೊಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದು ನಿಯಮ ತಂದಾಗ, ಮುಂಬಯಿ ಉಚ್ಚ ನ್ಯಾಯಾಲಯವು ಜುಲೈ ತಿಂಗಳಲ್ಲಿ ಅದನ್ನು ರದ್ದುಪಡಿಸಿತು, ಒಳ್ಳೆಯದೇ ಆಯಿತು. ಆದರೆ ವಾಸ್ತವ್ಯದ ಪುರಾವೆ, ಆದಾಯದ ದಾಖಲೆ, ಗಣಕಯಂತ್ರದ ಅರ್ಜಿ ಇವನ್ನೆಲ್ಲ ದಾಟಿ ಚೀಟಿ ಎತ್ತುವಲ್ಲಿಗೆ ಮುಟ್ಟುವ ಶಕ್ತಿ ಜೋಪಡಿಯ ತಾಯಿಗೆ ಇರುವುದಿಲ್ಲ. ಅವಳು ಮಗುವಿನ ಕೈಹಿಡಿದು ಸೀದಾ ನಡೆದುಹೋಗಬಹುದಾದ ಬಾಗಿಲು ಪಾಲಿಕೆಯ ಶಾಲೆಯದೊಂದೇ.

ಪುಣೆಯಲ್ಲಿ ಕುಳಿತು ಈ ವಿಷಯವನ್ನು ಆಲೋಚಿಸುವವರಿಗೆ ಇಬ್ಬರು ಹಿರಿಯರ ನೆನಪಾಗದೆ ಇರದು. 1848ರಲ್ಲಿ ಪತ್ನಿ ಸಾವಿತ್ರಿಬಾಯಿಯವರೊಡನೆ ಇದೇ ನಗರದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಮಹಾತ್ಮಾ ಜೋತಿರಾವ ಫುಲೆಯವರು 1882ರಲ್ಲಿ ಹಂಟರ್ ಆಯೋಗಕ್ಕೆ ಒಂದು ನಿವೇದನೆಯನ್ನು ಸಲ್ಲಿಸಿದರು. ಅದರ ತಿರುಳು ಜಮಾ-ಖರ್ಚಿನದೇ. ಸರಕಾರದ ಉತ್ಪನ್ನದ ಬಹುಭಾಗ ರೈತನ ಬೆವರಿನಿಂದ ಬರುತ್ತದೆ. ಖರ್ಚಾಗುವುದು ಮೇಲ್ವರ್ಗದವರ ಉಚ್ಚ ಶಿಕ್ಷಣಕ್ಕೆ. ರೈತನ ಮಗನ ಪ್ರಾಥಮಿಕ ಶಾಲೆಗೆ ಉಳಿಯುವುದು ಅತ್ಯಲ್ಪ ಎಂಬುದು ಅವರ ವಾದವಾಗಿತ್ತು. ಆಗಿನ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಾನಿಕ ಕರವಿತ್ತು. ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ ಸಲ್ಲುತ್ತಿತ್ತು. ಧಾರವಾಡ, ಬೆಳಗಾವಿ, ವಿಜಯಪುರಗಳೂ ಆ ಪ್ರಾಂತಕ್ಕೇ ಸೇರಿದ್ದವು. ಡೆಪ್ಯುಟಿ ಚನ್ನಬಸಪ್ಪನವರಂತಹ ಶಿಕ್ಷಣಾಧಿಕಾರಿಗಳು ಆ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದ ಕಾಲಕ್ಕೆ ಅವುಗಳ ಬೆನ್ನಿಗಿದ್ದುದು ಒಕ್ಕಲಿಗನ ಈ ಆಣೆಯೇ.

ಎರಡನೆಯವರು ಗೋಪಾಲ ಕೃಷ್ಣ ಗೋಖಲೆ. ಫರ್ಗ್ಯುಸನ್ ಕಾಲೇಜಿನ ಈ ಪ್ರಾಧ್ಯಾಪಕರು 1911ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಮಸೂದೆಯನ್ನು ಮಂಡಿಸಿದರು. ಸ್ಥಳೀಯ ಸಂಸ್ಥೆಗಳು ಶಿಕ್ಷಣ ಕರ ಹಾಕಲಿ, ಖರ್ಚಿನ ಮೂರನೆಯ ಎರಡು ಪಾಲನ್ನು ಸರಕಾರ ಕೊಡಲಿ ಎಂಬುದು ಅವರ ಯೋಜನೆ. 1912ರ ಮಾರ್ಚಿನಲ್ಲಿ ಆ ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಹಣವಿಲ್ಲ ಎಂದು ಸರಕಾರ ಹೇಳಿತು. ಹೊಲಕ್ಕೆ ಆಳು ಸಿಕ್ಕಲಾರರೆಂಬ ಭಯ ಜಮೀನುದಾರರದಾಗಿತ್ತು. ಸೋಲು ನಿಶ್ಚಿತವೆಂದು ತಿಳಿದೇ ಗೋಖಲೆಯವರು ಅಂಕಿಸಂಖ್ಯೆಗಳೊಡನೆ ವಾದಿಸಿದರು. ಐದು ವರ್ಷಗಳಲ್ಲಿ, 1917ರಲ್ಲಿ, ನೆರೆಯ ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಚಿಕ್ಕ ಸಂಸ್ಥಾನದಲ್ಲಿ ಅದನ್ನು ಜಾರಿಗೆ ತಂದರು. ಸ್ವತಂತ್ರ ಭಾರತದಲ್ಲಿ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗೋಖಲೆಯವರ ಮಸೂದೆಗೆ ಆಗ ತೊಂಬತ್ತೊಂಬತ್ತು ವರ್ಷ.

ಇಂದು ವಾಕಡದಲ್ಲಿ ಸುಖವಾಗಿರುವ ಕನ್ನಡಿಗರಲ್ಲಿ ಎಷ್ಟು ಮಂದಿ ಸರಕಾರಿ ಕನ್ನಡ ಶಾಲೆಯ ಮಣೆಯ ಮೇಲೆ ಕುಳಿತು ಅಕ್ಷರ ತಿದ್ದಿದವರಲ್ಲ? ಅವರ ತಂದೆಯಂದಿರು ಬೋರ್ಡು ಶಾಲೆಯಲ್ಲಿ ಓದಿದವರು. ಹಗಲೆಲ್ಲ ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ದಕ್ಷಿಣ ಕನ್ನಡದ ಹುಡುಗರ ಕಥೆಗಳು ಪ್ರತಿಯೊಂದು ಸಂಘದ ಚರಿತ್ರೆಯಲ್ಲಿಯೂ ಇವೆ. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮವು ಇಷ್ಟಾದರೂ ಉಳಿದಿರುವುದು ಬಹುಮಟ್ಟಿಗೆ ಸಾರ್ವಜನಿಕ ಹಣದಿಂದಲೇ: ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ನಡೆಸುವ ಶಾಲೆಗಳಲ್ಲಿ ಕನ್ನಡದವೂ ಇವೆ; ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಭಾಷೆಯ ಅಭಿಮಾನದ ಭಾಷಣಗಳಲ್ಲಿ ಈ ಶಾಲೆಗಳ ಛಾವಣಿಯ ಮಾತೂ ಒಂದಿಷ್ಟು ಬಂದರೆ ಅನುಚಿತವೇನಲ್ಲ.

ಸಂಘಗಳು ಏನೂ ಮಾಡುತ್ತಿಲ್ಲವೆಂದಲ್ಲ. ಜೂನ್ ತಿಂಗಳಲ್ಲಿ ನೋಟುಬುಕ್ಕು ಹಂಚುತ್ತವೆ, ಕೊಡೆ ಹಂಚುತ್ತವೆ, ಛಾಯಾಚಿತ್ರ ತೆಗೆಸುತ್ತವೆ. ನೋಟುಬುಕ್ಕು ಬೇಡವೆನ್ನುವ ಮಗುವಿಲ್ಲ. 2023ರಲ್ಲಿ ಮಹಾರಾಷ್ಟ್ರ ಸರಕಾರವು ದಾನಿಗಳು, ಉದ್ಯಮಗಳು ಸರಕಾರಿ ಶಾಲೆಯನ್ನು ‘ದತ್ತಕ’ ತೆಗೆದುಕೊಳ್ಳಬಹುದು, ದೊಡ್ಡ ಮೊತ್ತ ಕೊಟ್ಟರೆ ತಮ್ಮ ಹೆಸರನ್ನೂ ಶಾಲೆಗೆ ಜೋಡಿಸಬಹುದು ಎಂದು ಯೋಜನೆ ತಂದಾಗ ಅನೇಕರಿಗೆ ಸಂತೋಷವಾಯಿತು. ಆದರೆ ತಂದೆತಾಯಿ ಬದುಕಿರುವ ಮಗುವನ್ನು ದತ್ತಕ ಕೊಡುವ ಪ್ರಸಂಗ ಏಕೆ ಬಂತು? ಶಿಕ್ಷಣದ ಹೆಸರಿನಲ್ಲಿ ತೆರಿಗೆ ಎತ್ತಿದವನೇ ಆ ಮಗುವಿನ ತಂದೆ. ಪ್ರಜೆಯ ಕೈಯಲ್ಲಿ ಒಮ್ಮೆ ತೆರಿಗೆಯನ್ನೂ, ಅದೇ ಕೆಲಸಕ್ಕೆ ಇನ್ನೊಮ್ಮೆ ದೇಣಿಗೆಯನ್ನೂ ಕೇಳುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಗ್ಗುವುದಿಲ್ಲ. ನೋಟುಬುಕ್ಕಿನ ಖರ್ಚಿಗಿಂತ ಹೆಚ್ಚು ಬೆಲೆಬಾಳುವುದೊಂದು ಈ ಸಂಘಗಳ ಬಳಿ ಇದೆ: ಅಂದಾಜುಪತ್ರಕ ಓದಬಲ್ಲ, ಅರ್ಜಿ ಬರೆಯಬಲ್ಲ, ಲೆಕ್ಕದ ತಪ್ಪು ಹಿಡಿಯಬಲ್ಲ ಸದಸ್ಯರು.

ಅವರಿಗೆ ಕೆಲಸವೂ ಸಿದ್ಧವಾಗಿದೆ. ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಪ್ರತಿಯೊಂದು ಸರಕಾರಿ ಶಾಲೆಗೂ ಒಂದು ವ್ಯವಸ್ಥಾಪನ ಸಮಿತಿ ಇರಬೇಕು; ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು. ಶಾಲೆಯ ವಿಕಾಸ ಯೋಜನೆಯನ್ನು ಈ ಸಮಿತಿಯೇ ಬರೆಯಬೇಕು. ಅನುದಾನಕ್ಕೆ ಆ ಯೋಜನೆಯೇ ಆಧಾರವೆಂದು ಕಾಯಿದೆ ಹೇಳುತ್ತದೆ. ಅಂದರೆ ಯಾದಗಿರಿಯ ಗಾರೆ ಕೆಲಸದವಳೊಬ್ಬಳು, ಮಗು ಆ ಶಾಲೆಯಲ್ಲಿದ್ದರೆ, ನಳಕ್ಕೆ, ಸ್ವಚ್ಛಕಾರ್ಮಿಕನಿಗೆ, ಇನ್ನೊಬ್ಬ ಶಿಕ್ಷಕನಿಗೆ ಬೇಡಿಕೆ ಬರೆಸುವ ಅಧಿಕಾರ ಪಡೆಯಬಲ್ಲಳು. ಅವಳಿಗೆ ಅದು ತಿಳಿದಿಲ್ಲ. ತಿಳಿದರೂ ಸಭೆಯ ಮರಾಠಿ ಅರ್ಥವಾಗುವುದಿಲ್ಲ, ಸಭೆಗೆ ಹೋದ ದಿನದ ಕೂಲಿಯೂ ಇಲ್ಲ. ಅವಳ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಬರೆದುಕೊಡುವವರು ಬೇಕು. ಅದೇ ಕೈಯಲ್ಲಿ ಶಿಕ್ಷಣ ಕರದಿಂದ ಎಷ್ಟು ಬಂತು, ಎಷ್ಟು ಶಾಲೆಗೆ ಹೋಯಿತು ಎಂದು ಮಾಹಿತಿ ಹಕ್ಕಿನ ಒಂದು ಅರ್ಜಿಯನ್ನೂ ಬರೆಯಬಹುದು; ಶುಲ್ಕ ಹತ್ತು ರೂಪಾಯಿ. ಪಿಂಪ್ರಿ-ಚಿಂಚವಡದಲ್ಲಿ 2022ರ ಮಾರ್ಚಿನಿಂದ ಮೂರು ವರ್ಷಕ್ಕೂ ಮಿಕ್ಕಿ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯೇ ಅಂದಾಜುಪತ್ರಕವನ್ನು ಮಂಡಿಸಿ ತಾನೇ ಮಂಜೂರು ಮಾಡಿದ ಕಾಲ ಹೋಯಿತು. ಆಗಲೂ ನಾಗರಿಕರ ಸಂಘಗಳು ರಸ್ತೆಗಾಗಿ, ನೀರಿಗಾಗಿ ಪತ್ರ ಬರೆಯುತ್ತಲೇ ಇದ್ದವು. ಶಾಲೆಗಾಗಿ ಬಂದ ಪತ್ರಗಳೆಷ್ಟೋ?

ಪಾಲಿಕೆಯ ಅಂದಾಜುಪತ್ರಕ ಫೆಬ್ರುವರಿ-ಮಾರ್ಚಿನಲ್ಲಿ ಹೊರಬೀಳುತ್ತದೆ. ವಿಭಾಗಗಳು ತಮ್ಮ ಬೇಡಿಕೆಗಳನ್ನು ಅದಕ್ಕೂ ಕೆಲವು ತಿಂಗಳು ಮೊದಲೇ ಬರೆದು ಮುಗಿಸುತ್ತವೆ. ರಾಜ್ಯೋತ್ಸವದ ವೇದಿಕೆಯನ್ನು ಬಿಚ್ಚಿ, ಬಾಡಿಗೆಯ ಕುರ್ಚಿಗಳನ್ನು ಹಿಂದಿರುಗಿಸಿ, ಸಂಘದ ಪದಾಧಿಕಾರಿಗಳು ಸ್ವಲ್ಪ ವಿರಾಮವಾಗಿ ಕೂರುವ ಹೊತ್ತು ಅದೇ.